ಕಾರಿನ ಬೆನ್ನಿಗೋ, ನೆತ್ತಿಗೋ? ಸೈಕಲ್ ರ‍್ಯಾಕ್ ಕೊಳ್ಳುವ ಮುನ್ನ

ಹೆಬ್ಬಾಳು ಟೋಲ್‌ನ ಸಾಲಿನಲ್ಲಿ ನಿಂತಿದ್ದೆ. ಹಿಂದಿನ ಲಾರಿಯ ಕ್ಲೀನರ್ ಇಳಿದು ಬಂದು ಕಿಟಕಿಯ ಗಾಜು ತಟ್ಟಿದ. ‘ಸಾರ್, ನಿಮ್ಮ ಸೈಕಲ್ ಮಲಗುತ್ತಾ ಇದೆ’ ಎಂದ. ಇಳಿದು ನೋಡಿದರೆ ನಿಜವೇ. ದಾವಣಗೆರೆಯ ಮನೆ ಮುಂದೆ ನೆಟ್ಟಗಿದ್ದ ರ‍್ಯಾಕ್ ಅಷ್ಟು ದೂರ ಬರುವಷ್ಟರಲ್ಲಿ ಎಡ ಮಗ್ಗುಲಿಗೆ ವಾಲಿತ್ತು. ಆ ಕಡೆಯ ಬೆಲ್ಟು ಸಡಿಲವಾಗಿ, ಅದರ ತುದಿ ದಾರಿಯುದ್ದಕ್ಕೂ ಪಟಪಟನೆ ಬಡಿದು ಡಿಕ್ಕಿಯ ಬಣ್ಣವನ್ನು ಗೀಚಿಹಾಕಿತ್ತು. ಮಗನ ಸೈಕಲ್ಲಿನ ಪೆಡಲ್ ತಗಡಿಗೆ ಒತ್ತಿ ಒತ್ತಿ ಎಂಟಾಣೆ ನಾಣ್ಯದಷ್ಟು ತಗ್ಗು ಮಾಡಿತ್ತು. ಆ ತಗ್ಗು ಇವತ್ತಿಗೂ ಇದೆ.

ಅಂದು ರ‍್ಯಾಕನ್ನು ಬೈದೆ. ಮನೆಗೆ ಬಂದು ಅದರ ಜೊತೆ ಕೊಟ್ಟಿದ್ದ ಕಾಗದವನ್ನು ಮೊದಲ ಬಾರಿ ಬಿಡಿಸಿ ಓದಿದಾಗ ಬಾಯಿ ಮುಚ್ಚಿತು. ಮೇಲಿನ ಕೊಕ್ಕೆಗಳು ಲೋಹದ ಅಂಚಿಗೆ ಸಿಕ್ಕಬೇಕು ಎಂದು ಅದರಲ್ಲಿ ಬರೆದಿತ್ತು. ನನ್ನ ಕಾರಿನ ಹಿಂಬಾಗಿಲಿನ ನೆತ್ತಿಯಲ್ಲಿ ಇರುವುದು ಸ್ಪಾಯ್ಲರ್ ಎಂಬ ಪ್ಲಾಸ್ಟಿಕ್ ರೆಕ್ಕೆ. ನಾನು ಕೊಕ್ಕೆ ಸಿಕ್ಕಿಸಿದ್ದು ಅದಕ್ಕೇ. ಹಂಪ್ ಬಂದಾಗಲೆಲ್ಲ ಅದು ಬಾಗಿದೆ, ಬಾಗಿದಾಗಲೆಲ್ಲ ಬೆಲ್ಟು ಒಂದು ನೂಲಿನಷ್ಟು ಸಡಿಲವಾಗಿದೆ. ರ‍್ಯಾಕಿನಲ್ಲಿ ಏನೂ ದೋಷವಿರಲಿಲ್ಲ. ಅದು ಆ ಕಾರಿಗೆ ಹೇಳಿಮಾಡಿಸಿದ್ದಲ್ಲ, ಅಷ್ಟೇ.

ಅಲ್ಲಿಂದೀಚೆಗೆ ನನ್ನದರ ಮೇಲೂ ನೆಂಟರಿಷ್ಟರ ಕಾರುಗಳ ಮೇಲೂ ಬೇರೆ ಬೇರೆ ಬಗೆಯ ರ‍್ಯಾಕ್ ಬಳಸಿ ನೋಡಿದ್ದೇನೆ. ಜೋಗಿಮಟ್ಟಿಯ ಏರು, ವಾಣಿವಿಲಾಸ ಸಾಗರದ ಸುತ್ತಿನ ಹಾದಿ, ಶಾಂತಿಸಾಗರ ಕೆರೆಯ ಏರಿ, ಇವು ನಮ್ಮ ಸೈಕಲ್ ಗುಂಪಿನ ಭಾನುವಾರಗಳು. ಊರಿನಿಂದಲೇ ತುಳಿದು ಹೋಗುವ ಉಮೇದು ಇರುವವರು ಹಾಗೇ ಹೋಗುತ್ತಾರೆ. ಮಕ್ಕಳನ್ನು ಕಟ್ಟಿಕೊಂಡು ಆರು ಪಥದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ಪಕ್ಕ ಅರವತ್ತು ಕಿಲೋಮೀಟರ್ ತುಳಿಯಲಾಗದವರಿಗೆ ಈ ಬರಹ.

ರ‍್ಯಾಕ್ ಬೇಕೇ ಬೇಕೇ?

ಅಂಗಡಿಯವರು ಕೇಳದ ಪ್ರಶ್ನೆ ಇದು. ಹೋಗುವವರು ಇಬ್ಬರೊಳಗೆ, ಸೈಕಲ್ ಒಂದೇ ಆಗಿದ್ದರೆ ರ‍್ಯಾಕಿನ ಮಾತೇ ಬೇಡ. ಹಿಂದಿನ ಸೀಟು ಮಡಚಿ. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ. ಕೈಯಿಂದ ತಿರುಗಿಸುವ ಲಿವರ್ ಇರುವ ಸೈಕಲ್ಲಿನಲ್ಲಿ ಇದು ಅರ್ಧ ನಿಮಿಷದ ಕೆಲಸ. ಹಳೆಯ ಬೆಡ್‌ಶೀಟ್ ಹಾಸಿ, ಚೈನು ಗೇರು ಇರುವ ಮಗ್ಗುಲು ಮೇಲೆ ಬರುವಂತೆ ಸೈಕಲ್ ಮಲಗಿಸಿ. ವ್ಯಾಗನ್‌ಆರ್ ತರಹದ ಎತ್ತರದ ಡಬ್ಬಿ ಕಾರುಗಳು ಇದಕ್ಕೆ ಹೇಳಿಮಾಡಿಸಿದ ಹಾಗಿವೆ. ನಡುವೆ ಇನ್ನೊಂದು ಹಾಸು ಹಾಕಿದರೆ ಎರಡು ಸೈಕಲ್ಲೂ ಮಲಗುತ್ತವೆ, ಹ್ಯಾಂಡಲ್ ತಿರುಗಿಸುವ ಸರ್ಕಸ್ಸಿಗೆ ತಾಳ್ಮೆ ಇದ್ದರೆ.

ಒಂದು ಎಚ್ಚರ ಮಾತ್ರ ಬೇಕು. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಚಕ್ರ ಬಿಚ್ಚಿದ ಮೇಲೆ ಯಾರೂ ಬ್ರೇಕ್ ಹಿಡಿಯಕೂಡದು. ನಡುವೆ ಡಿಸ್ಕ್ ಇಲ್ಲದಿರುವಾಗ ಹಿಡಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿ ಕೂರುತ್ತವೆ, ಮತ್ತೆ ಅಗಲಿಸಲು ಸ್ಕ್ರೂಡ್ರೈವರ್ ಹಿಡಿದು ಒದ್ದಾಡಬೇಕು. ಮಡಚಿದ ರಟ್ಟಿನ ತುಂಡೊಂದನ್ನು ಪ್ಯಾಡುಗಳ ನಡುವೆ ತುರುಕಿಟ್ಟರೆ ಸಾಕು. ಮಕ್ಕಳಿರುವ ಕಾರಿನಲ್ಲಿ ಇದನ್ನು ಮರೆಯಬೇಡಿ. ಬ್ರೇಕ್ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

ಒಳಗಿಟ್ಟು ಒಯ್ಯುವುದರ ಸುಖ ತಿಳಿಯುವುದು ದಾರಿಯಲ್ಲಿ. ಗಾಳಿಯ ಭಯವಿಲ್ಲ, ನಂಬರ್ ಪ್ಲೇಟ್ ಮರೆಯಾಗುವುದಿಲ್ಲ, ಮಳೆ ಬಂದರೆ ಚೈನು ನೆನೆಯುವುದಿಲ್ಲ. ಬೆಣ್ಣೆ ದೋಸೆಗೆ ನಿಲ್ಲಿಸಿದಾಗ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಕಣ್ಣು ರಸ್ತೆಯ ಮೇಲೆ ಇಟ್ಟು ತಿನ್ನುವ ಕರ್ಮವಿಲ್ಲ.

ಬೆನ್ನಿಗೆ ಕಟ್ಟುವ ಬೆಲ್ಟಿನ ರ‍್ಯಾಕ್

ನಮ್ಮ ಕಡೆ ಹೆಚ್ಚು ಜನ ಕೊಳ್ಳುವುದು ಇದನ್ನೇ. ಅಗ್ಗದ್ದು ಒಂದು ಹೆಲ್ಮೆಟ್ಟಿನ ಬೆಲೆಗೆ ಬರುತ್ತದೆ, ಹೆಸರುವಾಸಿ ಕಂಪನಿಯದು ಒಂದು ಸೈಕಲ್ಲಿನ ಬೆಲೆಗೆ. ರಚನೆ ಎರಡರದ್ದೂ ಒಂದೇ. ಎರಡು ಕಾಲು ಬಂಪರಿನ ಮೇಲೋ ಬಾಗಿಲಿನ ಕೆಳಭಾಗದಲ್ಲೋ ಊರುತ್ತವೆ, ಮೇಲಿನ ಚೌಕಟ್ಟು ಬಾಗಿಲಿಗೆ ಒರಗುತ್ತದೆ, ನಾಲ್ಕು ಅಥವಾ ಆರು ಬೆಲ್ಟುಗಳ ಕೊಕ್ಕೆಗಳು ಬಾಗಿಲಿನ ಸಂದಿಗೆ ಸಿಕ್ಕಿ ಎಲ್ಲವನ್ನೂ ಬಿಗಿಹಿಡಿಯುತ್ತವೆ. ಸೈಕಲ್ ತೂಗುವುದು ಹೊರಚಾಚಿದ ಎರಡು ತೋಳುಗಳ ಮೇಲೆ.

ಕೊಳ್ಳುವ ಮುಂಚೆ ಕಾರಿನ ಹಿಂದೆ ಹೋಗಿ ಐದು ನಿಮಿಷ ನಿಲ್ಲಿ. ಹಿಂಬಾಗಿಲಿನ ಮೇಲಂಚನ್ನು ಬೆರಳಿನಿಂದ ತಟ್ಟಿ. ಟಣ್ ಎಂದರೆ ತಗಡು, ಡಬ್ ಎಂದರೆ ಪ್ಲಾಸ್ಟಿಕ್. ಕೊಕ್ಕೆ ಹಿಡಿಯಬೇಕಾದ ಕಡೆ ಪ್ಲಾಸ್ಟಿಕ್ ಇದ್ದರೆ ಈ ಜಾತಿಯ ಹೆಚ್ಚಿನ ರ‍್ಯಾಕುಗಳು ನಿಮಗಲ್ಲ. ಕೆಲವು ಕಾರುಗಳಲ್ಲಿ ಬಾಗಿಲಿನ ಅಂಚಿನವರೆಗೂ ಬರಿ ಗಾಜು ಇರುತ್ತದೆ; ಅದಕ್ಕೆ ಕೊಕ್ಕೆ ಸಿಕ್ಕಿಸುವುದು ಗಾಜು ಒಡೆಸಿಕೊಳ್ಳುವ ಸುಲಭ ದಾರಿ. ಹಿಂದಿನ ವೈಪರ್ ಎಲ್ಲಿ ಕೂರುತ್ತದೆ, ಕಾಲು ಊರುವ ಕಡೆ ಬಂಪರ್ ಒತ್ತಿದರೆ ಒಳಗೆ ಹೋಗುತ್ತದೆಯೇ, ಅದನ್ನೂ ನೋಡಿ. ಉದ್ದ ಡಿಕ್ಕಿಯ ಸೆಡಾನ್ ಕಾರುಗಳಿಗೆ ಈ ವಿಷಯದಲ್ಲಿ ತಲೆನೋವು ಕಡಿಮೆ. ಡಿಕ್ಕಿಯ ಮುಚ್ಚಳ ಸಮತಟ್ಟಾಗಿದ್ದು, ಅಂಚು ಲೋಹದ್ದೇ ಆಗಿರುತ್ತದೆ.

ಒಳ್ಳೆಯ ತಯಾರಕರು ಯಾವ ಕಾರಿನ ಯಾವ ವರ್ಷದ ಮಾದರಿಗೆ ತಮ್ಮ ರ‍್ಯಾಕ್ ಹೊಂದುತ್ತದೆ ಎಂಬ ಪಟ್ಟಿ ಕೊಡುತ್ತಾರೆ. 1942ರಲ್ಲಿ ಶುರುವಾದ ಸ್ವೀಡನ್ನಿನ ಥೂಲೆ ಕಂಪನಿಯ ಹೆಸರು ಇಷ್ಟು ನಡೆಯಲು ಇಂಥ ಪಟ್ಟಿಯೂ ಒಂದು ಕಾರಣ ಎನ್ನುವುದು ನನ್ನ ಎಣಿಕೆ. ‘ಎಲ್ಲ ಕಾರಿಗೂ ಆಗುತ್ತದೆ ಸಾರ್’ ಎನ್ನುವ ರ‍್ಯಾಕನ್ನು ಹಾಗೆ ಹೇಳುವ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಗ್ಗ ಎಂದು ಮುಗ್ಗಿದ ಜೋಳ ಕೊಂಡವನ ಕಥೆ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ತೂಕದ ಲೆಕ್ಕ ಹೀಗಿದೆ. ಡಬ್ಬದ ಮೇಲೆ ‘ಮೂರು ಸೈಕಲ್’ ಎಂದು ಬರೆದಿರುವುದನ್ನು ನೋಡಬೇಡಿ, ಎಷ್ಟು ಕೆ.ಜಿ. ಎಂದು ನೋಡಿ. ಗುಡ್ಡದ ಹಾದಿಗೆಂದು ಮಾಡಿದ ಗೇರಿನ ಎಂಟಿಬಿ ಸೈಕಲ್ 13ರಿಂದ 15 ಕೆ.ಜಿ. ತೂಗುತ್ತದೆ. ಅಜ್ಜನ ಕಾಲದ ಕಪ್ಪು ಸೈಕಲ್ 20 ದಾಟುತ್ತದೆ. ಬ್ಯಾಟರಿ ಸೈಕಲ್ಲೂ ಸುಮಾರಾಗಿ ಅಷ್ಟೇ ಅಥವಾ ಇನ್ನೂ ಹೆಚ್ಚು. ಅದರ ಬ್ಯಾಟರಿ ಕಳಚಿ ಕಾರಿನೊಳಗೆ ಇಟ್ಟರೆ ಎರಡು ಮೂರು ಕೆ.ಜಿ. ಇಳಿಯುತ್ತದೆ. ಈ ಭಾರವೆಲ್ಲ ಕಾರಿನ ಮೈಯಿಂದ ಹೊರಗೆ ಚಾಚಿ ತೂಗುವುದರಿಂದ ಹಂಪ್ ಹಾರಿದಾಗ ಬೆಲ್ಟಿನ ಮೇಲೆ ಬೀಳುವ ಎಳೆತ ತಕ್ಕಡಿಯ ಲೆಕ್ಕವನ್ನು ಮೀರುತ್ತದೆ. ನಾನು ಎರಡು ಸೈಕಲ್ಲಿಗಿಂತ ಹೆಚ್ಚು ಹೊರಿಸುವುದಿಲ್ಲ. ಮೂರನೆಯದು ಮೊದಲೆರಡನ್ನೂ ಕೆರೆದು ಹಾಕುತ್ತದೆ, ಬೇರೆ ಮಾತಿಲ್ಲ.

ಕಟ್ಟುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ರ‍್ಯಾಕಿನ ಒಳ್ಳೆಯದು ಕೆಟ್ಟದ್ದು ಎಲ್ಲ ಇರುವುದು ಇಲ್ಲಿ. ಬೆಳಗಿನ ಐದು ಗಂಟೆ, ಬೀದಿದೀಪದ ಬೆಳಕು. ಮೊದಲು ಒದ್ದೆ ಬಟ್ಟೆಯಲ್ಲಿ ಬಾಗಿಲಿನ ಧೂಳು ಒರೆಸುತ್ತೇನೆ. ಬಣ್ಣ ಕೆಡುವುದು ರ‍್ಯಾಕಿನ ರಬ್ಬರ್ ಪಾದದಿಂದಲ್ಲ, ಅದರ ಅಡಿಯಲ್ಲಿ ಸಿಕ್ಕಿಕೊಂಡ ಮರಳಿನಿಂದ. ಆಮೇಲೆ ಮೇಲಿನ ಬೆಲ್ಟು, ನಂತರ ಕೆಳಗಿನದು, ಕೊನೆಗೆ ಪಕ್ಕದ್ದು. ಮೂರನ್ನೂ ಒಂದೊಂದು ಸುತ್ತು ಬಿಗಿದು ಮತ್ತೆ ಮೊದಲಿನಿಂದ ಬಿಗಿಯಬೇಕು. ಒಂದನ್ನೇ ಪೂರ್ತಿ ಎಳೆದರೆ ಚೌಕಟ್ಟು ಸೊಟ್ಟಗಾಗುತ್ತದೆ. ಉಳಿದ ಬೆಲ್ಟಿನ ತುದಿಯನ್ನು ಗಂಟು ಹಾಕಿ ಚೌಕಟ್ಟಿಗೆ ಸುತ್ತುತ್ತೇನೆ. ನಮ್ಮ ಹೆಬ್ಬಾಳಿನ ಗೀರುಗಳು ಕಲಿಸಿದ ಪಾಠ ಅದು.

ಭಾರದ ಸೈಕಲ್ ಕಾರಿಗೆ ಹತ್ತಿರ, ಹಗುರದ್ದು ಹೊರಗೆ. ಒಂದರ ಹ್ಯಾಂಡಲ್ ಎಡಕ್ಕಿದ್ದರೆ ಇನ್ನೊಂದರದ್ದು ಬಲಕ್ಕೆ. ಕಾರಿನ ಕಡೆಯ ಪೆಡಲನ್ನು ತಗಡಿಗೆ ತಾಗದ ಕೋನಕ್ಕೆ ತಿರುಗಿಸಿ ಕಟ್ಟಬೇಕು, ಇಲ್ಲವೇ ಬಿಚ್ಚಿಡಬೇಕು. ಎರಡು ಸೈಕಲ್ಲುಗಳ ನಡುವೆ, ಹ್ಯಾಂಡಲ್ಲಿನ ತುದಿಗೆ, ಚಕ್ರ ತಿರುಗದಂತೆ ಬಿಗಿಯಲು ನಾನು ಬಳಸುವುದು ಪಂಕ್ಚರ್ ಅಂಗಡಿಯಲ್ಲಿ ಎಸೆಯುವ ಹಳೆಯ ಟ್ಯೂಬ್. ಉದ್ದಕ್ಕೆ ಸೀಳಿದರೆ ಮೆತ್ತೆ, ಹಾಗೇ ಬಿಟ್ಟರೆ ಹಗ್ಗ. ನಮ್ಮ ಹಾಲಿನವರು, ಸೊಪ್ಪಿನವರು ಕ್ಯಾರಿಯರಿಗೆ ಸರಕು ಬಿಗಿಯುವುದು ಇದರಲ್ಲೇ ಅಲ್ಲವೇ. ಕಂಪನಿಯವರು ಡಬ್ಬದಲ್ಲಿ ಕೊಡುವ ಪ್ಲಾಸ್ಟಿಕ್ ಪಟ್ಟಿಗಿಂತ ಇದರ ಮೇಲೆ ನನಗೆ ನಂಬಿಕೆ.

ಹೊರಟು ಹತ್ತು ಹದಿನೈದು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಬೆಲ್ಟು ಬಿಗಿಯಲೇಬೇಕು. ನಾವು ಆನಗೋಡಿನ ಬಳಿ ನಿಲ್ಲಿಸುತ್ತೇವೆ. ಹೊಸ ಬೆಲ್ಟಾದರೂ ಮೊದಲ ಅಲುಗಾಟಕ್ಕೆ ಸ್ವಲ್ಪ ಜಾಗ ಬಿಡುತ್ತದೆ.

ಇನ್ನು ಚಿಕ್ಕಪುಟ್ಟ ಸಂಗತಿಗಳು. ಸೈಲೆನ್ಸರ್ ಕೊಳವೆಯ ನೇರಕ್ಕೆ ಟೈರು ತೂಗಿದರೆ ಬಿಸಿ ಹೊಗೆಗೆ ರಬ್ಬರು ಸುಡುತ್ತದೆ. ಮೇಲ್ಕಂಬಿ ಇಲ್ಲದ ಹೆಣ್ಣುಮಕ್ಕಳ ಸೈಕಲ್ ತೋಳಿನ ಮೇಲೆ ಕೂರುವುದಿಲ್ಲ. ಸೀಟಿನ ಕಂಬದಿಂದ ಹ್ಯಾಂಡಲ್ಲಿನ ಬುಡಕ್ಕೆ ಜೋಡಿಸುವ ಅಡ್ಡಕಂಬಿಯನ್ನು ಬೇರೆಯಾಗಿ ಕೊಳ್ಳಬೇಕು. ರಿವರ್ಸ್ ಗೇರಿಗೆ ಹಾಕಿದ ತಕ್ಷಣ ಸೆನ್ಸರ್ ಕೂಗಲು ಶುರುಮಾಡಿದರೆ ನಿಲ್ಲುವುದಿಲ್ಲ. ರ‍್ಯಾಕ್ ಇರುವಷ್ಟು ಹೊತ್ತು ಡಿಕ್ಕಿ ತೆಗೆಯಲಾಗುವುದಿಲ್ಲ, ಹಾಗಾಗಿ ನೀರಿನ ಬಾಟಲಿ, ಮಂಡಕ್ಕಿ ಡಬ್ಬಿ, ಪಂಪು ಎಲ್ಲ ಮೊದಲೇ ಸೀಟಿನ ಮೇಲೆ ಬರಬೇಕು.

ಸ್ಟೆಪ್ನಿ ಬೆನ್ನಿಗಿರುವ ಗಾಡಿಗಳು

ಚಿತ್ರದುರ್ಗದ ನನ್ನ ಭಾವಮೈದುನನ ಗಾಡಿಗೆ ಹಿಂಬಾಗಿಲಿನ ಮೇಲೆ ಸ್ಟೆಪ್ನಿ ಇದೆ. ಥಾರ್, ಜಿಮ್ನಿ, ಬೊಲೆರೊ ನಿಯೊ, ಹಳೆಯ ಇಕೋಸ್ಪೋರ್ಟ್ ಇರುವವರಿಗೂ ಈ ಭಾಗ್ಯವಿದೆ. ಸ್ಟೆಪ್ನಿಗೇ ಕೂರುವ ರ‍್ಯಾಕ್ ಸಿಗುತ್ತದೆ. ಗಾಜಿನ ಗೊಡವೆ ಇಲ್ಲ, ಸ್ಪಾಯ್ಲರಿನ ಗೊಡವೆ ಇಲ್ಲ, ಟೈರಿನ ಸುತ್ತ ಬಿಗಿದರೆ ಬಂಡೆಯ ಹಾಗೆ ಕೂರುತ್ತದೆ. ನನ್ನ ಬೆಲ್ಟಿನ ಪೂಜೆ ಮುಗಿಯುವ ಹೊತ್ತಿಗೆ ಅವನು ಎರಡನೇ ಕಾಫಿ ಕುಡಿದಿರುತ್ತಾನೆ.

ಭಾರವೆಲ್ಲ ಬಾಗಿಲಿನ ಒಂದೇ ಪಕ್ಕದ ಕೀಲುಗಳ ಮೇಲೆ ಬೀಳುತ್ತದೆ ಎನ್ನುವುದೇ ಇದರ ಕೊರತೆ. ಸ್ಟೆಪ್ನಿಯ ತೂಕವನ್ನು ಅವು ಮೊದಲೇ ಹೊತ್ತಿವೆ. ಎರಡು ಹಗುರ ಸೈಕಲ್ ಸಾಕು. ಸೈಕಲ್ ಹೊತ್ತಿರುವಾಗ ಬಾಗಿಲು ತೆಗೆಯಬಾರದು. ಕಾರು ಪಂಕ್ಚರ್ ಆದರೆ ಮೊದಲು ಸೈಕಲ್, ನಂತರ ರ‍್ಯಾಕ್, ಆಮೇಲೆ ಸ್ಟೆಪ್ನಿ ಇಳಿಸಬೇಕು ಎನ್ನುವುದೂ ನೆನಪಿರಲಿ.

ಟೋ ಬಾರಿನ ಮೇಲೆ ಕೂರುವುದು

ಸೈಕಲ್ಲಿಗೆ ಸಿಂಹಾಸನ ಎಂದರೆ ಇದು. ಟ್ರೈಲರ್ ಎಳೆಯಲೆಂದು ಚಾಸಿಗೆ, ಎಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೋಲ್ಟ್ ಮಾಡಿದ ಟೋ ಬಾರಿನ ಮೇಲೆ ತಟ್ಟೆಯಂಥ ಅಡ್ಡೆ ಕೂರುತ್ತದೆ, ಸೈಕಲ್ಲಿನ ಎರಡೂ ಚಕ್ರ ಅದರ ಮೇಲೆ ನಿಲ್ಲುತ್ತವೆ. ಕಾರಿನ ತಗಡಿಗೆ ಏನೂ ತಾಗುವುದಿಲ್ಲ. ಎತ್ತುವ ಎತ್ತರ ಮೊಣಕಾಲಿನಷ್ಟು. ಬ್ಯಾಟರಿ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಳ್ಳೆಯವು ಹಿಂದಕ್ಕೆ ವಾಲುವುದರಿಂದ ಡಿಕ್ಕಿಯನ್ನೂ ತೆಗೆಯಬಹುದು.

ತೊಡಕಿರುವುದು ಟೋ ಬಾರಿನಲ್ಲಿ. ನಮ್ಮಲ್ಲಿ ಮಾರುವ ಕಾರುಗಳಿಗೆ ಕಾರ್ಖಾನೆಯಿಂದ ಅದು ಬರುವುದು ಅಪರೂಪ. ಹೊರಗೆ ಹಾಕಿಸಬೇಕು ಎಂದರೆ ಹಿಂದಿನ ಬಂಪರ್ ಬಿಚ್ಚಿ, ಕೊರೆದು ಕೂರಿಸುವ ಕೆಲಸ. ತಯಾರಕರು ಕೊಟ್ಟ ವಿವರ ಮತ್ತು ನೋಂದಣಿ ಪತ್ರದ ವಿವರ ಒಂದಕ್ಕೊಂದು ತಾಳೆಯಾಗದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಬಂಪರಿಗೆ ಕಬ್ಬಿಣದ ಗಾರ್ಡ್ ಹಾಕುವುದನ್ನು ತಡೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದೂ ನೆನಪಿರಬಹುದು. ಸಣ್ಣ ಕಾರಿಗೆ ಇದನ್ನು ಹಾಕಿಸಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ. ಚಾಸಿ ಇರುವ ದೊಡ್ಡ ಗಾಡಿಗಾದರೆ ಮೊದಲು ಕಾರಿನ ಪುಸ್ತಕ, ಆಮೇಲೆ ಷೋರೂಮಿನವರ ಲಿಖಿತ ಒಪ್ಪಿಗೆ, ಕೊನೆಗೆ ಹಣ. ಕೊಂಡರೆ ಅಳತೆ ನೋಡಿ ಕೊಳ್ಳಿ: ಯುರೋಪಿನ ರ‍್ಯಾಕುಗಳು 50 ಮಿ.ಮೀ. ಗುಂಡಿನ ಮೇಲೆ ಕೂರುತ್ತವೆ, ಅಮೆರಿಕದವು ಎರಡು ಇಂಚಿನ ಚೌಕ ಕೊಳವೆಯೊಳಗೆ ಹೋಗುತ್ತವೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನೆತ್ತಿಯ ಮೇಲೆ

ಟಾಪಿನ ಮೇಲೆ ಸೈಕಲ್ ನೆಟ್ಟಗೆ ನಿಲ್ಲಿಸಿಕೊಂಡು ಹೋಗುವ ಕಾರನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನಂಬರ್ ಪ್ಲೇಟ್, ದೀಪ, ಡಿಕ್ಕಿ ಯಾವುದಕ್ಕೂ ಅಡ್ಡಿಯಿಲ್ಲ. ಸೈಕಲ್ ಒಂದಕ್ಕೊಂದು ತಾಗುವುದಿಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೂ ಸೈಕಲ್ ಉಳಿಯುತ್ತದೆ.

ಮೊದಲು ಟಾಪಿನ ಕಂಬಿ ನೋಡಿ. ನಮ್ಮ ಎಷ್ಟೋ ಕಾರುಗಳ ಮೇಲಿರುವ ಉದ್ದದ ಕಂಬಿ ಬರಿ ಸಿಂಗಾರಕ್ಕೆ. ಭಾರ ಹೊರಿಸಬೇಡಿ ಎಂದು ಕಾರಿನ ಪುಸ್ತಕದಲ್ಲೇ ಬರೆದಿರುತ್ತದೆ. ಭಾರ ಹೊರುವ ಕಂಬಿಯಾದರೂ ಅದಕ್ಕೊಂದು ಮಿತಿಯಿದೆ. ಪುಸ್ತಕ 50 ಕೆ.ಜಿ. ಎಂದಿದೆ ಎಂದುಕೊಳ್ಳೋಣ. ಅಡ್ಡಕಂಬಿಗಳು 5, ಎರಡು ಸೈಕಲ್ ತಟ್ಟೆ 8, ಎರಡು ಸೈಕಲ್ 28. ಅಲ್ಲಿಗೆ 41 ಆಯಿತು. ಮೂರನೆಯ ಸೈಕಲ್ಲಿಗೆ ಜಾಗ ಇದ್ದರೂ ತೂಕ ಇಲ್ಲ.

ಸೈಕಲ್ ಹಿಡಿಯುವ ಬಗೆಯಲ್ಲೂ ಮೂರು ಜಾತಿಗಳಿವೆ. ಮುಂದಿನ ಚಕ್ರ ಬಿಚ್ಚಿ, ಅದು ಕೂರುವ ಕವಲನ್ನು, ಎಂದರೆ ಫೋರ್ಕನ್ನು, ಕಚ್ಚಿ ಹಿಡಿಯುವುದು ಎಲ್ಲಕ್ಕಿಂತ ಗಟ್ಟಿ, ಆದರೆ ನಿಮ್ಮ ಫೋರ್ಕಿನದು ಹಳೆಯ ತೆಳು ಲಿವರೋ, ಹೊಸ ದಪ್ಪ ಆಕ್ಸಲ್ಲೋ ನೋಡಿ ಅದಕ್ಕೆ ತಕ್ಕ ಜೋಡಣೆ ಕೊಳ್ಳಬೇಕು. ಚೌಕಟ್ಟಿನ ಕೆಳಕಂಬಿಯನ್ನು ಕೈಯಂತೆ ಹಿಡಿಯುವುದು ಸುಲಭ, ಆದರೆ ಕಾರ್ಬನ್ ಫ್ರೇಮಿಗೆ ಆ ಹಿಡಿತ ಒಗ್ಗದು, ಬಿರುಕು ಬಿಡಬಹುದು. ಮುಂದಿನ ಚಕ್ರವನ್ನೇ ತಬ್ಬಿ ಹಿಡಿಯುವ ಮೂರನೆಯದು ಫ್ರೇಮನ್ನು ಮುಟ್ಟುವುದಿಲ್ಲ. ಬೇರೆ ಬೇರೆ ಸೈಕಲ್ ಇರುವ ಮನೆಗೆ ಅದೇ ವಾಸಿ.

ಈಗ ಎತ್ತರ. ಒಂದೂವರೆ ಮೀಟರ್ ಎತ್ತರದ ಸಣ್ಣ ಕಾರು, ಅದರ ಮೇಲೆ ರ‍್ಯಾಕು, ಅದರ ಮೇಲೆ ಒಂದು ಮೀಟರಿಗೂ ಮಿಕ್ಕ ಸೈಕಲ್. ಒಟ್ಟು ಎರಡೂಮುಕ್ಕಾಲು ಮೀಟರಿಗೆ ತುಸು ಕಡಿಮೆ. ರೈಲು ಹಳಿ ಊರನ್ನು ಎರಡು ಮಾಡಿರುವ ದಾವಣಗೆರೆಯಲ್ಲಿ ಈ ಲೆಕ್ಕ ಗೊತ್ತಿಲ್ಲದೆ ಟಾಪಿನ ಮೇಲೆ ಸೈಕಲ್ ಏರಿಸಬಾರದು. ಕೆಳಸೇತುವೆಯ ಮುಂದೆ ಅಡ್ಡ ಕಟ್ಟಿರುವ ಕಬ್ಬಿಣದ ಪಟ್ಟಿಯ ಮೇಲಿನ ಅಂಕಿಯನ್ನು ಕಾರಿನವರು ಸಾಮಾನ್ಯವಾಗಿ ಓದುವುದೇ ಇಲ್ಲ, ಅದು ಲಾರಿಯವರಿಗೆ ಎಂದುಕೊಂಡಿರುತ್ತೇವೆ. ನೆಲಮಾಳಿಗೆಯ ಪಾರ್ಕಿಂಗಂತೂ ದೂರದ ಮಾತು.

ನಮ್ಮ ಬೀದಿಯ ಹಿರಿಯರೊಬ್ಬರು ಹೀಗೆ ನೆತ್ತಿಯ ಮೇಲೆ ಸೈಕಲ್ ಹೊತ್ತು ಶಾಂತಿಸಾಗರಕ್ಕೆ ಹೋಗಿ, ಹೋಗಿ ಬರುವ ದಾರಿಯಲ್ಲಿ ಒಂದು ಮರದ ಕೊಂಬೆಗೂ ತಾಗಿಸದೆ ಮನೆ ಮುಟ್ಟಿದರು. ಮನೆ ಬಂತು ಎಂಬ ನೆಮ್ಮದಿಯಲ್ಲಿ ಕಾರನ್ನು ನೇರ ಪೋರ್ಟಿಕೋದೊಳಗೆ ಬಿಟ್ಟರು. ಸಜ್ಜಾಕ್ಕೆ ಹ್ಯಾಂಡಲ್ ಬಡಿದ ಸದ್ದಿಗೆ ನಾವೆಲ್ಲ ಹೊರಗೆ ಬಂದೆವು. ಸೈಕಲ್ಲಿಗೆ ಏನೂ ಆಗಿರಲಿಲ್ಲ. ಟಾಪಿನ ಕಂಬಿಯ ಬುಡ ಕಿತ್ತು ಬಂದಿತ್ತು. ಈಗ ಅವರು ಸ್ಟೀರಿಂಗಿಗೆ ಹಳದಿ ರಿಬ್ಬನ್ ಕಟ್ಟಿಕೊಂಡೇ ಹೊರಡುತ್ತಾರೆ. ನಗಬೇಡಿ, ನೀವೂ ಒಂದು ಕಟ್ಟಿಕೊಳ್ಳಿ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಹೆದ್ದಾರಿಯಿಂದಲೇ ನೋಡಿರುತ್ತೀರಿ. ಗಾಳಿ ಇರುವ ಕಡೆಯೇ ಅಲ್ಲವೇ ಅವನ್ನು ನೆಡುವುದು! ಮುಂಗಾರಿನ ತಿಂಗಳುಗಳಲ್ಲಿ ಬಯಲಿನ ಮೇಲೆ ಅಡ್ಡಗಾಳಿ ಬೀಸಿದಾಗ, ಟಾಪಿನ ಮೇಲೆ ಎರಡು ಸೈಕಲ್ ಇರುವ ಕಾರು ಲಾರಿಯನ್ನು ದಾಟಿದ ಮರುಕ್ಷಣ ಒಂದು ಕಡೆಗೆ ತಳ್ಳಿದ ಹಾಗೆ ಸರಿಯುತ್ತದೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಎಂದರೆ 60ರಿಂದ 90ಕ್ಕೆ ಏರಿದರೆ ತಡೆ ಎರಡು ಪಟ್ಟನ್ನೂ ಮೀರುತ್ತದೆ. ಪೆಟ್ರೋಲ್ ಮುಳ್ಳು ಅದನ್ನು ಬೇಗನೆ ತೋರಿಸುತ್ತದೆ. 80ರ ಒಳಗೆ ಓಡಿಸಿ. ಸೈಕಲ್ ಇಳಿಸಿದ ಮೇಲೆ ರ‍್ಯಾಕನ್ನೂ ಇಳಿಸಿ, ಖಾಲಿ ಕಂಬಿಯೂ ಸಿಳ್ಳೆ ಹಾಕುತ್ತಾ ಎಣ್ಣೆ ಕುಡಿಯುತ್ತದೆ.

ಕೊನೆಯದಾಗಿ ನಿಮ್ಮ ತೋಳು. ಹದಿನಾಲ್ಕು ಕೆ.ಜಿ.ಯನ್ನು ತಲೆಯ ಮೇಲಕ್ಕೆ ಎತ್ತಿ, ತೂಗಾಡಿಸದೆ, ಒಂದು ಕಿರಿದಾದ ತಟ್ಟೆಯೊಳಗೆ ಇಳಿಸಬೇಕು. ಹೋಗುವಾಗ ಉತ್ಸಾಹದಲ್ಲಿ ಆಗುತ್ತದೆ. ಜೋಗಿಮಟ್ಟಿ ಏರಿ ಇಳಿದು ತೊಡೆ ನಡುಗುತ್ತಿರುವಾಗ ಪ್ರಯತ್ನಿಸಿ ನೋಡಿ.

ಗಾಜಿಗೆ ಅಂಟುವುದು, ವೆಲ್ಡಿಂಗ್ ಮಾಡಿಸುವುದು

ಗಾಳಿ ಹೀರಿ ಗಾಜಿಗೋ ಟಾಪಿಗೋ ಅಂಟಿಕೊಳ್ಳುವ ಬಟ್ಟಲಿನ ರ‍್ಯಾಕುಗಳೂ ಬಂದಿವೆ. ಹೆಚ್ಚಿನ ಕಾರುಗಳಿಗೆ ಆಗುತ್ತದೆ, ಚೀಲದಲ್ಲಿ ಒಯ್ಯಬಹುದು. ಅಂಟಲು ನುಣುಪಾದ, ಧೂಳಿಲ್ಲದ ಮೈ ಬೇಕು. ನಮ್ಮ ಬಯಲುಸೀಮೆಯ ಧೂಳಿನಲ್ಲಿ ಪ್ರತಿ ಸಲ ಒರೆಸಿ ತೊಳೆಯುವ ಶ್ರದ್ಧೆ ಇದ್ದವರಿಗೆ ಸರಿ. ಒಳ್ಳೆಯ ಬಟ್ಟಲಿನ ಪಂಪಿನಲ್ಲಿ ಒಂದು ಬಣ್ಣದ ಗೆರೆ ಇರುತ್ತದೆ. ಅದು ಹೊರಗೆ ಇಣುಕಿದರೆ ಒಳಗೆ ಗಾಳಿ ಸೇರಿದೆ ಎಂದು ಅರ್ಥ, ಮತ್ತೆ ಒತ್ತಬೇಕು. ಗೆರೆ ಇಲ್ಲದ ಅಗ್ಗದ ನಕಲನ್ನು ಮುಟ್ಟಬೇಡಿ.

‘ಇಷ್ಟಕ್ಕೆಲ್ಲ ಅಷ್ಟು ದುಡ್ಡು ಯಾಕೆ, ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರಾಯಿತು’ ಎನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ. ನಕ್ಷೆ ಬರೆದುಕೊಂಡು ಹೋಗಿದ್ದೆ. ಅಂಗಡಿಯ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಮಾಡಿಕೊಡುತ್ತೇನೆ ಸಾರ್. ಆದರೆ ಗೇಟು ಮಾಡುವುದು ಬೇರೆ, ಅಲುಗುವ ಸಾಮಾನು ಮಾಡುವುದು ಬೇರೆ. ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ, ನಿಮಗೆ ಕಾಣಿಸುವುದಿಲ್ಲ’ ಎಂದರು. ಬಂದ ಗಿರಾಕಿಯನ್ನು ತಿರುಗಿಸಿ ಕಳಿಸಿದ ಮಾತನ್ನು ನಂಬದೆ ಇನ್ನಾರ ಮಾತನ್ನು ನಂಬುವುದು? ನಕ್ಷೆ ಮಡಚಿ ಜೇಬಿಗಿಟ್ಟುಕೊಂಡು ಬಂದೆ. ಬೆನ್ನಿಗೆ ತೂಗುಹಾಕುವ ಚೌಕಟ್ಟಿಗೆ ಈ ಮಾತು. ಹಳೆಯ ಸುಮೊ, ಬೊಲೆರೊ ಟಾಪಿನ ಮೇಲಿರುವ ಕಬ್ಬಿಣದ ಲಗೇಜ್ ಕ್ಯಾರಿಯರ್ ಬೇರೆ ವಿಷಯ. ಅದರ ಮೇಲೆ ಎರಡು ಹಳೆಯ ಟೈರು ಹಾಸಿ, ಸೈಕಲ್ ಅಡ್ಡಡ್ಡ ಮಲಗಿಸಿ, ನಾಲ್ಕು ಕಡೆ ಟ್ಯೂಬಿನಲ್ಲಿ ಬಿಗಿದರೆ ಊರಿನ ಹಳೆಯ ಡ್ರೈವರುಗಳು ಬೆಂಗಳೂರಿನವರೆಗೂ ಮುಟ್ಟಿಸುತ್ತಾರೆ.

ಪೊಲೀಸರು ಕೈ ಅಡ್ಡ ಹಿಡಿದರೆ

ಬೆನ್ನಿಗೆ ಕಟ್ಟುವ ಯಾವ ರ‍್ಯಾಕಿಗಾದರೂ ಎರಡು ಪ್ರಶ್ನೆ ಬರುತ್ತವೆ. ಹಿಂದಿನ ನಂಬರ್ ಪ್ಲೇಟ್ ಮತ್ತು ದೀಪಗಳು ಕಾಣುತ್ತವೆಯೇ, ಸೈಕಲ್ ಕಾರಿನ ಅಗಲವನ್ನು ಮೀರುತ್ತದೆಯೇ.

ಎರಡನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ದೊಡ್ಡವರ ಸೈಕಲ್ ಒಂದು ಚಕ್ರದ ಹೊರತುದಿಯಿಂದ ಇನ್ನೊಂದರ ಹೊರತುದಿಗೆ ಸುಮಾರು 175 ಸೆಂ.ಮೀ. ಉದ್ದ. ವ್ಯಾಗನ್‌ಆರ್‌ನ ಅಗಲ 162 ಸೆಂ.ಮೀ. ಎಂದರೆ ಅಡ್ಡಕ್ಕೆ ತೂಗುಹಾಕಿದ ಸೈಕಲ್ ಎರಡೂ ಕಡೆ ಆರಾರು ಸೆಂ.ಮೀ. ಹೊರಗೆ ಇಣುಕುತ್ತದೆ. ಹೇರಿದ ಸರಕು ಯಾವುದೇ ವಾಹನದ ಮೈಯಿಂದ ಪಕ್ಕಕ್ಕೆ, ಅಥವಾ ಅನುಮತಿಸಿದ ಮಿತಿ ಮೀರಿ ಹಿಂದಕ್ಕೆ, ಮೇಲಕ್ಕೆ ಚಾಚಿದರೆ 20,000 ರೂಪಾಯಿ ದಂಡ ಎನ್ನುವುದು 2019ರ ತಿದ್ದುಪಡಿಯಲ್ಲಿ ಸೇರಿದ 194(1ಎ) ಕಲಂ. ಅದು ಬರೆದದ್ದು ಕಬ್ಬಿನ ಲೋಡು, ಹುಲ್ಲಿನ ಲೋಡುಗಳನ್ನು ನೆನೆದೇ ಇರಬಹುದು, ಆದರೆ ಕಲಮಿಗೆ ಸೈಕಲ್ ಬೇರೆ, ಹುಲ್ಲು ಬೇರೆ ಎಂಬ ಭೇದವಿಲ್ಲ. ಉಪಾಯ ಸರಳ. ಮುಂದಿನ ಚಕ್ರ ಬಿಚ್ಚಿ ಕಾರಿನೊಳಗೆ ಇಡಿ. ಉದ್ದ 140ಕ್ಕೆ ಇಳಿಯುತ್ತದೆ, ತೂಕವೂ ಇಳಿಯುತ್ತದೆ, ಗಾಳಿಗೆ ಗಿರಗಿರ ತಿರುಗುವ ಚಕ್ರದ ಕಾಟವೂ ಇಲ್ಲ.

ಪ್ಲೇಟಿನ ವಿಷಯಕ್ಕೆ, ತೋಳುಗಳು ಎತ್ತರದಲ್ಲಿರುವ ಕಮಾನಿನಾಕಾರದ ರ‍್ಯಾಕ್ ಆರಿಸಿ, ಸೈಕಲ್ ಹಿಂಬದಿಯ ಗಾಜಿನ ಮಟ್ಟಕ್ಕೆ ಬರುತ್ತದೆ, ಕೆಳಗಿನ ಪ್ಲೇಟ್ ತೆರೆದಿರುತ್ತದೆ. ಪ್ಲೇಟ್ ಬಂಪರಿನ ಮೇಲಿರುವ ಕಾರುಗಳಿಗೆ ಇದು ಇನ್ನೂ ಸಲೀಸು. ರಟ್ಟಿನ ಮೇಲೆ ನಂಬರ್ ಬರೆದು ಸೈಕಲ್ಲಿಗೆ ತೂಗುಹಾಕುವ ಜಾಣತನ ಬೇಡ, ಅದು ಅತಿ ಸುರಕ್ಷತಾ ನಂಬರ್ ಪ್ಲೇಟುಗಳ (ಎಚ್‌ಎಸ್‌ಆರ್‌ಪಿ) ಕಾಲದಲ್ಲಿ ಅನುಮಾನವನ್ನಷ್ಟೇ ತರುತ್ತದೆ.

ಹಾಗಾದರೆ ಯಾವುದು?

ತಿಂಗಳಿಗೊಮ್ಮೆ ಒಬ್ಬರೇ ಹೋಗುವವರು ಏನನ್ನೂ ಕೊಳ್ಳಬೇಡಿ, ಸೀಟು ಮಡಚಿ. ಸ್ಟೆಪ್ನಿ ಬೆನ್ನಿಗಿದ್ದರೆ ಕಣ್ಣು ಮುಚ್ಚಿ ಆ ರ‍್ಯಾಕ್. ಸೆಡಾನ್ ಇದ್ದು ಗಂಡ ಹೆಂಡತಿ ಎರಡು ಸೈಕಲ್ ಒಯ್ಯುವವರಿಗೆ ಬೆಲ್ಟಿನದು, ಅದೂ ನಿಮ್ಮ ಕಾರಿನ ಹೆಸರು ತಯಾರಕರ ಪಟ್ಟಿಯಲ್ಲಿದ್ದರೆ ಮಾತ್ರ. ಗಟ್ಟಿ ಕಂಬಿಯ ಟಾಪು, ಬಯಲು ಪೋರ್ಟಿಕೋ, ಎತ್ತಲು ಜೊತೆಗೊಬ್ಬರು, ಈ ಮೂರೂ ಇದ್ದು ಕಾರ್ಬನ್ ಸೈಕಲ್ಲೋ ದುಬಾರಿ ಸೈಕಲ್ಲೋ ಇದ್ದರೆ ನೆತ್ತಿಯ ಮೇಲೆ ಚಕ್ರ ಹಿಡಿಯುವ ರ‍್ಯಾಕ್. ಪ್ಲಾಸ್ಟಿಕ್ ಸ್ಪಾಯ್ಲರಿನ ಸಣ್ಣ ಕಾರು ಇರುವ ನನ್ನಂಥವರಿಗೆ ಆಯ್ಕೆ ಕಿರಿದು. ನಾನು ಮಾಡಿಕೊಂಡಿರುವುದು ಹೀಗೆ: ಒಂದು ಸೈಕಲ್ ಒಳಗೆ, ಮಗನದು ಭಾವಮೈದುನನ ಗಾಡಿಯ ಸ್ಟೆಪ್ನಿಯ ಮೇಲೆ. ನನ್ನ ಹಳೆಯ ಬೆಲ್ಟಿನ ರ‍್ಯಾಕ್ ಸೆಡಾನ್ ಇರುವ ಗೆಳೆಯನೊಬ್ಬನ ಮನೆಯಲ್ಲಿದೆ, ಅವನ ಕಾರಿಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿದೆ.

ಕೊಳ್ಳುವುದು ಯಾವುದೇ ಆಗಲಿ, ಹಣ ಕೊಡುವ ಮುಂಚೆ ಅಂಗಡಿಯ ಮುಂದೆಯೇ ಕಟ್ಟಿಸಿ, ನಿಮ್ಮದೇ ಸೈಕಲ್ ಹೇರಿಸಿ. ಆಮೇಲೆ ಸೈಕಲ್ಲಿನ ಸೀಟು ಹಿಡಿದು ಜೋರಾಗಿ ಅಲುಗಿಸಿ. ಕಾರು ಸಮೇತ ಅಲುಗಿದರೆ ಕೊಳ್ಳಿ. ಸೈಕಲ್ ಮಾತ್ರ ಅಲುಗಿದರೆ ಇನ್ನೊಂದನ್ನು ತೋರಿಸಲು ಹೇಳಿ.